ಹೊಳೆ ಕಡೆಯ ಬಾಗಿಲು

ಪಂಪಿನ ಕಂಪನಿಯ ಕ್ಯಾಂಟೀನಿನಲ್ಲಿ ತಟ್ಟೆಯಲ್ಲಿ ಒಂದು ತುತ್ತು ಮುದ್ದೆ ಬಿಟ್ಟು ಎದ್ದ ಗಂಡಸು ಚಿಕ್ಕಬೋರಮ್ಮನ ಬಾಯಿಂದ ಪಾರಾದದ್ದನ್ನು ಯಾರೂ ಕಂಡಿಲ್ಲ. "ತುತ್ತು ಬುಟ್ಟು ಏಳ್ತೀಯಲ್ಲ, ನಾನೇನ್ಲಾ ನಿನ್ನ ಎಂಡ್ತಿಯಾ?" ಎಂದು ಸೌಟು ಹಿಡಿದೇ ಬಂದುಬಿಡುತ್ತಿದ್ದಳು. ಫಿಟ್ಟರುಗಳು, ವೆಲ್ಡರುಗಳು, ಇಷ್ಟಿಷ್ಟು ದಪ್ಪ ಮೀಸೆಯವರು, ತಲೆ ತಗ್ಗಿಸಿ ಆ ತುತ್ತನ್ನೂ ನುಂಗಿ ಕೈ ತೊಳೆಯಲು ಹೋಗುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು ಇದೆಂಥ ಬೈಗುಳವಪ್ಪಾ ಎಂದು ಮುಖ ಮುಖ ನೋಡುತ್ತಿದ್ದರು. ಹಳಬರಿಗೆ ಗೊತ್ತಿತ್ತು, ಆದರೆ ಆ ಮಾತು ಎತ್ತುತ್ತಿರಲಿಲ್ಲ.

ಬೋರಮ್ಮ ಕೃಷ್ಣರಾಜಪೇಟೆ ಕಡೆಯವಳು. ಹೊಸಹೊಳಲಿನ ಪಕ್ಕದ ಹಳ್ಳಿಯಲ್ಲಿ ಹುಟ್ಟಿ, ಶ್ರೀರಂಗಪಟ್ಟಣದ ಆಚೆ ದಡದ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದಳು. ಗಂಡ ಮುದ್ದಯ್ಯ. ಮಾತು ಕಮ್ಮಿ, ಊಟ ಅದಕ್ಕಿಂತ ನಿಧಾನ. ಮನೆಮಂದಿಯೆಲ್ಲ ಉಂಡು, ಎಲೆ ಅಡಿಕೆ ಹಾಕಿ, ಜಗಲಿಗೆ ಬಂದು ಕೂತಿದ್ದರೂ ಅವನಿನ್ನೂ ಎರಡನೇ ಮುದ್ದೆ ಮುರಿಯುತ್ತಿರುತ್ತಿದ್ದ. "ಏನ್ಲಾ ಮಗ, ಮುದ್ದೆ ಉಣ್ತಿದ್ದೀಯೋ, ಅದ್ರ ಜೊತೆ ಕಷ್ಟಸುಖ ಮಾತಾಡ್ತಿದ್ದೀಯೋ?" ಎಂದು ಅವನ ತಾಯಿ ತಿಮ್ಮಮ್ಮ ಹೊರಗಿನಿಂದಲೇ ಕೂಗುತ್ತಿದ್ದಳು. ಉಂಡು ಮುಗಿಸುವಾಗ ಅವನು ಒಂದು ತುತ್ತನ್ನು ತಟ್ಟೆಯ ಅಂಚಿಗೆ ಸರಿಸಿ, ಅದರ ನೆತ್ತಿಗೆ ಹೆಬ್ಬೆರಳು ಒತ್ತಿ, ಆ ಗುಳಿಗೆ ಒಂದಿಷ್ಟು ಸಾರು ಬಿಟ್ಟು ಏಳುತ್ತಿದ್ದ. ಅದು ಹೆಂಡತಿಯ ಪಾಲು. ಗಂಡನ ತಟ್ಟೆಯಲ್ಲೇ ಹೆಂಡತಿ ಉಣ್ಣುತ್ತಿದ್ದ ಕಾಲವದು. ಕಬ್ಬು ಕಡಿಯುವಾಗ ಕುಡುಗೋಲು ತಾಗಿ ಮುದ್ದಯ್ಯನ ಹೆಬ್ಬೆರಳು ಉದ್ದಕ್ಕೆ ಸೀಳಿ ಮಾಯ್ದಿತ್ತು. ಹಾಗಾಗಿ ಮುದ್ದೆಯ ಮೇಲೆ ಬಿದ್ದ ಗುಳಿಯ ನಡುವೆ ಒಂದು ಗೀರು ಎದ್ದು ಕಾಣುತ್ತಿತ್ತು. ಹೊಸದರಲ್ಲಿ ಬೋರಮ್ಮ ಅದನ್ನು ನೋಡಿ ಒಬ್ಬಳೇ ನಗುತ್ತಿದ್ದಳು. ಕಟ್ಟಿಕೊಂಡವನು ಬಾಯಲ್ಲಿ ಆಡದ ಪ್ರೀತಿಯೆಲ್ಲ ಅದರಲ್ಲಿದೆ ಎಂದು ಅವಳಿಗೆ ಗೊತ್ತಿತ್ತು.

ಹೊಳೆ ಉಕ್ಕಿ ಹರಿದ ವರ್ಷ ಅವನು ಬೆಲ್ಲದ ಮೂಟೆ ಹಾಕಿಕೊಂಡು ಹರಿಗೋಲಿನಲ್ಲಿ ಪಟ್ಟಣಕ್ಕೆ ಹೊರಟ. ನಡುಹೊಳೆಯಲ್ಲಿ ಹರಿಗೋಲು ಮಗುಚಿತು. ಜೊತೆಯಲ್ಲಿದ್ದವರು ಈಜಿ ದಡ ಸೇರಿದರು, ಇವನು ಸೇರಲಿಲ್ಲ. ಅಂಬಿಗರು ದಡದುದ್ದಕ್ಕೂ ಹುಡುಕಿದರು, ಹೆಣವೂ ಸಿಗಲಿಲ್ಲ. ಸರಿ, ಹೋದ ಎಂದು ಎಲ್ಲರೂ ಅಳುತ್ತಿರುವಾಗ ರೈಲ್ವೆ ಗ್ಯಾಂಗಿನ ಚೌಡಯ್ಯ ಬಂದು, "ಅಯ್ಯೋ, ನಿನ್ನೆ ಸಾಯಂಕಾಲ ಟೇಸನ್ನಾಗೆ ನೋಡ್ದೆ ಕಣ್ರೋ. ಒದ್ದೆ ಟವಲ್ಲು ಎಗಲ ಮೇಲೆ ಆಕ್ಕಂಡು ರೈಲು ಅತ್ತುತಿದ್ದ" ಎಂದುಬಿಟ್ಟ. ಚೌಡಯ್ಯನ ಕಣ್ಣು ಅಷ್ಟೇನೂ ಚುರುಕಲ್ಲ ಎಂದು ಊರಿಗೆಲ್ಲ ಗೊತ್ತು. ಆದರೆ ಬೋರಮ್ಮನ ಕಣ್ಣೀರು ಅಲ್ಲಿಗೆ ನಿಂತಿತು. ಅವನು ಎಲ್ಲೋ ಇದ್ದಾನೆ, ಬೆಲ್ಲ ನೀರುಪಾಲಾದ ಅವಮಾನಕ್ಕೆ ಊರು ಬಿಟ್ಟಿದ್ದಾನೆ, ಇವತ್ತಲ್ಲ ನಾಳೆ ಬರುತ್ತಾನೆ ಎಂದು ಸೆರಗು ಬಿಗಿದು ಕೂತುಬಿಟ್ಟಳು. ಕುಂಕುಮ ಅಳಿಸಲಿಲ್ಲ, ಬಳೆ ಒಡೆಯಲಿಲ್ಲ.

ಅತ್ತೆ ಸೊಸೆಗೆ ಜಗಳ ಹುಟ್ಟಿದ್ದು ಇಲ್ಲೇ. ಆ ಕಡೆಯ ಒಕ್ಕಲು ಮನೆಗಳಲ್ಲಿ ಪಿತೃಪಕ್ಷ ಬಂತೆಂದರೆ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಅವರು ಏನೇನು ಇಷ್ಟಪಡುತ್ತಿದ್ದರೋ ಅದೆಲ್ಲ ಆಗಬೇಕು. ಬಾಡು, ಹೆಂಡ, ಬೀಡಿ, ಹೊಸ ಬಟ್ಟೆ. ದೀಪ ಹಚ್ಚಿ, ಬನ್ನಿ ಎಂದು ಕರೆದು, ಬಾಗಿಲು ಮುಂದಕ್ಕೆ ಹಾಕಿಕೊಂಡು ಮನೆಮಂದಿಯೆಲ್ಲ ಹೊರಗೆ ಬಂದು ಕೂರುತ್ತಾರೆ. ಒಳಗೆ ಉಣ್ಣಬೇಕಾದವರು ಉಂಡು ಹೋಗಲಿ ಎಂದು. ಮತ್ತೆ ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ಎಡೆ ಸಿಗದ ಜೀವ ಹಸಿದುಕೊಂಡು ಅಲೆಯುತ್ತದೆ ಎಂದು ತಿಮ್ಮಮ್ಮನ ನಂಬಿಕೆ.

"ನನ್ ಮಗ ಅಸ್ಕಂಡು ಅಲೀತಾವ್ನೆ ಕಣೆ. ನಾನು ಕಣ್ ಮುಚ್ಚೋ ಮುಂಚೆ ಅವನಿಗೊಂದು ಎಡೆ ಇಕ್ಕಕ್ಕೆ ಬುಡವ್ವ," ಎಂದು ಮುದುಕಿ ವರ್ಷ ವರ್ಷವೂ ಸೊಸೆಯ ಕೈ ಹಿಡಿದುಕೊಳ್ಳುತ್ತಿದ್ದಳು.

"ಬದ್ಕಿರೋರ್ಗೆ ಎಡೆ ಇಕ್ಕಿ ಸಾಯಿಸ್ಬುಡ್ತೀರಾ ಅತ್ತೆ? ನನ್ ಕೈಯಾಗೆ ಬಳೆ ಇರೋಗಂಟ ಆ ಮಾತು ಆಡ್ಬೇಡಿ," ಎಂದು ಸೊಸೆ ಕೈ ಕೊಡವಿಕೊಳ್ಳುತ್ತಿದ್ದಳು.

ಆಮೇಲೆ ಇಬ್ಬರೂ ಒಂದೊಂದು ಮೂಲೆಯಲ್ಲಿ ಕೂತು ಅಳುತ್ತಿದ್ದರು. ಈಗೀಗ ತಿಮ್ಮಮ್ಮನಿಗೆ ಕಣ್ಣು ಮಂಜಾಗಿ, ಉಬ್ಬಸ ಹೆಚ್ಚಾಗಿ, ಮುಂದಿನ ಪಕ್ಷ ಕಾಣುತ್ತಾಳೋ ಇಲ್ಲವೋ ಎಂಬಂತಾಗಿತ್ತು. ಬೋರಮ್ಮನಿಗೆ ಅದೂ ಗೊತ್ತಿತ್ತು. ಗೊತ್ತಿದ್ದೂ ಮನಸ್ಸು ಬಗ್ಗುತ್ತಿರಲಿಲ್ಲ.

ಗಂಡ ಹೋದ ಮೇಲೆ ಅವಳು ಸೇರಿದ್ದು ಈ ಪಂಪಿನ ಕಂಪನಿಗೆ. ನೀರೆತ್ತುವ ಪಂಪು ಜೋಡಿಸಿ, ರಿಪೇರಿ ಮಾಡಿ, ನಾಲ್ಕು ತಾಲೂಕಿಗೆ ಕಳಿಸುತ್ತಿದ್ದ ಕಂಪನಿ ಅದು. ಸೇತುವೆಯಿಂದ ಒಂದಷ್ಟು ಕೆಳಗೆ, ಹೊಳೆಗೆ ಬೆನ್ನು ಹಾಕಿ ಕೂತಿದ್ದ ಹಳೇ ಬಂಗಲೆಯೇ ಅದರ ಆಫೀಸು. ಅಂಗಳದಲ್ಲಿ ಶೆಡ್ಡು, ಮಹಡಿ ಮೇಲೆ ಮ್ಯಾನೇಜರ ಸಂಸಾರ, ಕೆಳಗೆ ಒಂದು ದೊಡ್ಡ ಹಜಾರ. ಹಜಾರಕ್ಕೆ ಎರಡು ಬಾಗಿಲು. ಒಂದು ಅಂಗಳಕ್ಕೆ, ಇನ್ನೊಂದು ಹಿಂದುಗಡೆ ಹೊಳೆಯ ಮೆಟ್ಟಿಲಿಗೆ. ಹೊಳೆ ಕಡೆಯ ಬಾಗಿಲ ಚಿಲಕ ಎಷ್ಟು ಹಾಕಿದರೂ ತಾನಾಗಿ ಕಳಚಿಕೊಳ್ಳುತ್ತಿತ್ತು. ಬಡಗಿ ಬಂದು ಎರಡು ಸಲ ಹೊಸ ಚಿಲಕ ಬಡಿದು ಹೋದ. ಮೇಲುಗಡೆ ಪಶ್ಚಿಮವಾಹಿನಿಯಲ್ಲಿ ಜನ ಬೂದಿ ಬಿಡುತ್ತಾರಲ್ಲ, ಆ ನೀರೆಲ್ಲ ಹಾದು ಬರುವುದು ಇದೇ ಮೆಟ್ಟಿಲ ಮುಂದೆ. ಬೋರಮ್ಮ ಆ ಬಾಗಿಲ ಕಡೆ ತಲೆಯೆತ್ತಿಯೂ ನೋಡುತ್ತಿರಲಿಲ್ಲ.

ಮ್ಯಾನೇಜರು ಪಿಂಟೋ ಸಾಹೇಬರು ಮಂಗಳೂರಿನ ಕಿರಿಸ್ತಾನರು, ಒಳ್ಳೆಯ ಮನುಷ್ಯ. ಅವರ ಹೆಂಡತಿ ಸೆಲಿನಮ್ಮ. ಒಬ್ಬಳೇ ಮಗಳು ಲೀನಾ, ಆರೇಳು ವರ್ಷದ ಚಿನಕುರುಳಿ. ತಾಯಿ ಮಾಡಿದ ಅನ್ನ ಬಿಟ್ಟು ಕ್ಯಾಂಟೀನಿಗೆ ಓಡಿ ಬಂದು, "ಬೋರಮ್ಮಾ, ನನ್ನ ಮುದ್ದೆ ಎಲ್ಲಿ?" ಎಂದು ಸೆರಗು ಜಗ್ಗುತ್ತಿದ್ದಳು. ಬೋರಮ್ಮ ನಿಂಬೆಹಣ್ಣಿನಷ್ಟು ಮುದ್ದೆ ಕಟ್ಟಿ ಸಾರಿನಲ್ಲಿ ಅದ್ದಿ ನುಂಗಿಸುವಳು. ಹೋದ ಮಳೆಗಾಲದಲ್ಲಿ ಆ ಮಗುವಿಗೆ ಜ್ವರ ಬಂತು. ಮೈಸೂರಿನ ದೊಡ್ಡಾಸ್ಪತ್ರೆಗೆ ಒಯ್ದರು. ಕರೆದುಕೊಂಡು ಬರಲಿಲ್ಲ. ಅಂದಿನಿಂದ ಸೆಲಿನಮ್ಮ ಮಹಡಿಯ ಕಿಟಕಿಯಲ್ಲಿ ಕೂತರೆ ಕೂತಳು, ಮಾತಿಲ್ಲ ಕತೆಯಿಲ್ಲ.

ಅರವತ್ತಾರನೇ ಇಸವಿಯ ದೀಪಾವಳಿ ಕಳೆದ ಮೇಲೆ ಸಾಹೇಬರು ಎಲ್ಲರನ್ನೂ ಬೇವಿನ ಮರದಡಿ ಕರೆದು, "ಈ ಸಲ ಕ್ರಿಸ್‌ಮಸ್ಸಿಗೆ ಕಂಪನಿ ಕಡೆಯಿಂದ ಒಂದು ಪಾರ್ಟಿ ಮಾಡುವ ಮಾರಾಯ್ರೇ. ಮಧ್ಯಾಹ್ನದ ಊಟ, ಆಟ, ಎಲ್ಲ ಇರಬೇಕು. ಎಲ್ಲರೂ ನಗಬೇಕು. ಮುಂದೆ ಎಷ್ಟು ವರ್ಷ ಹೋದರೂ ನೆನಪಲ್ಲಿ ಉಳಿಯಬೇಕು," ಎಂದರು. ಹೇಳುತ್ತಾ ಹೇಳುತ್ತಾ ಕಣ್ಣು ಮಹಡಿಯ ಕಿಟಕಿಗೆ ಹೋಯಿತು. ಯಾರನ್ನು ನಗಿಸಲು ಈ ಪಾರ್ಟಿ ಎಂದು ಎಲ್ಲರಿಗೂ ಅರ್ಥವಾಯಿತು.

ಏರ್ಪಾಟಿನ ಯಜಮಾನಿಕೆ ಹೆಡ್ ಕ್ಲರ್ಕು ಸಿದ್ದರಾಜುವಿಗೆ ಬಂತು. ಪಾಂಡವಪುರದವನು. ಯಾವಾಗಲೋ ಒಮ್ಮೆ ಬೆಂಗಳೂರಿನ ದಂಡು ಪ್ರದೇಶದಲ್ಲಿ ಕ್ರಿಸ್‌ಮಸ್ ಪಾರ್ಟಿಯೊಂದನ್ನು ಬೇಲಿಯ ಹೊರಗೆ ನಿಂತು ನೋಡಿದ್ದನಂತೆ, ಅಷ್ಟಕ್ಕೇ ಅವನ ನಡಿಗೆಯೇ ಬದಲಾಯಿತು ನೋಡಿ. ಕ್ರಿಸ್‌ಮಸ್ ಮರಕ್ಕೆ ಸರ್ವೆ ಮರದ ಕೊಂಬೆ ತರಿಸಿದ. ಹಿಮಕ್ಕೆಂದು ಹತ್ತಿ ತರಿಸಿದ. ನಿಂಬೆಹಣ್ಣು ಚಮಚದ ಓಟ, ಕುರ್ಚಿ ಆಟ, ಹಗ್ಗ ಜಗ್ಗಾಟ ಎಂದು ಬೆರಳು ಮಡಿಸಿ ಹೇಳಿದ. ಡ್ರೈವರು ಜವರಯ್ಯನಿಗೆ ಕ್ರಿಸ್‌ಮಸ್ ತಾತನ ವೇಷ. ಜವರಯ್ಯ ನಾಗಮಂಗಲದ ಕಡೆಯಿಂದ ಹೊಸದಾಗಿ ಬಂದವನು, ಭರ್ತಿ ಹೊಟ್ಟೆಯ ಆಸಾಮಿ. "ಇವ್ನಿಗೆ ಒಟ್ಟೆಗೆ ದಿಂಬು ಕಟ್ಟೋ ತಾಪತ್ರಯ ಇಲ್ಲ ಬುಡ್ರಪ್ಪ," ಎಂದು ಎಲ್ಲರೂ ನಕ್ಕರು.

"ತಾತ ಬರೋದು ಎಲ್ಲಿಂದ ಗೊತ್ತಾ?" ಎಂದು ಸಿದ್ದರಾಜು ದನಿ ತಗ್ಗಿಸಿದ. "ಒಳೆಯಿಂದ! ಅರಿಗೋಲಲ್ಲಿ ಕುಂತ್ಕಂಡು ಬತ್ತಾನೆ. ಮೆಟ್ಲು ಅತ್ತಿ, ಒಳೆ ಕಡೆ ಬಾಗ್ಲಿಂದ ಅಜಾರಕ್ಕೆ ಬಂದು ಎಲ್ರಿಗೂ ಉಡುಗೊರೆ ಕೊಡ್ತಾನೆ. ಎಂಗೆ?"

ಎಲ್ಲರೂ ಭಲೇ ಎಂದರು. ಬೋರಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಬರಕ್ಕೆ ರಸ್ತೆ ಇಲ್ವಾ? ಒಳೆಯಿಂದ ಯಾಕಪ್ಪ ಕರಸ್ತೀಯ?"

"ನೆನಪಿರ್ಬೇಕು ಅಂದವ್ರಲ್ಲ ಬೋರಕ್ಕ ಸಾಹೇಬ್ರು."

ಅವಳು ಮತ್ತೆ ಮೊರ ಎತ್ತಿಕೊಂಡು ಕೇರತೊಡಗಿದಳು.

ಅಡುಗೆಯ ದೆಸೆಯಿಂದ ಸೆಲಿನಮ್ಮ ಮಹಡಿ ಇಳಿದು ಬಂದಳು. ತಮ್ಮ ಕಡೆಯ ತಿಂಡಿಗಳನ್ನು ಬೋರಮ್ಮನಿಗೆ ಹೇಳಿಕೊಡಲು ಕೂತಳು. ಮೈದಾ ಹಿಟ್ಟು ಲಟ್ಟಿಸಿ, ಎಳ್ಳು ಕಾಯಿ ಸಕ್ಕರೆ ತುಂಬಿ, ಅಂಚು ಮಡಿಸಿ ಕರಿದು, ಇದು ನೆವ್ರಿ ಎಂದಳು. "ಇದು ನಮ್ ಕರ್ಜಿಕಾಯಿ ಅಲ್ವರಾ ಅಮ್ಮಾವ್ರೆ! ಎಸ್ರು ಬದಲಾಯಿಸ್ಬುಟ್ರೆ ಆಯ್ತಾ?" ಎಂದಳು ಬೋರಮ್ಮ. ಸೆಲಿನಮ್ಮನ ತುಟಿಯ ತುದಿ ಒಂದಿಷ್ಟು ಅಲುಗಿತು. ಕೇಕಿನ ಹಿಟ್ಟಿಗೆ ಬಾಟಲಿಯಿಂದ ರಮ್ಮು ಸುರಿದಾಗಂತೂ ಬೋರಮ್ಮ ಗಲ್ಲಕ್ಕೆ ಕೈಹಚ್ಚಿ, "ಅಯ್ಯೋ ಶಿವನೇ, ಇಟ್ಟಿಗೇ ಎಂಡ ಕುಡುಸ್ತೀರಲ್ಲ!" ಎಂದಳು. ಆಗ ಸೆಲಿನಮ್ಮ ನಕ್ಕೇಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ಸಾಹೇಬರು ಕಣ್ಣೊರೆಸಿಕೊಂಡು ಆಚೆ ಹೋದರು.

ಸೆಲಿನಮ್ಮ ಕೈಯ ಹಿಟ್ಟು ಒರೆಸಿಕೊಂಡಳು. ಆಮೇಲೆ ಮೆಲ್ಲಗೆ, "ಬೋರಮ್ಮ, ಆ ದಿನ ಲೀನಾಂದು ಸಹ ಒಂದು ತಟ್ಟೆ ಇಡು. ನನ್ನ ಪಕ್ಕದಲ್ಲಿ. ಯಾರಿಗೂ ಹೇಳುವುದು ಬೇಡ," ಎಂದಳು.

ಬೋರಮ್ಮನ ತಲೆಯಲ್ಲಿ ಎಲ್ಲವೂ ಒಂದು ಕಡೆ ಬಂದು ಕೂತಿತು. ಸಿದ್ದರಾಜು ಏನೋ ಇದು ಅವರ ದೇವರು ಹುಟ್ಟಿದ ದಿನ ಎಂದಿದ್ದ. ಹುಟ್ಟಿದ ದಿನಕ್ಕೆ ಸತ್ತ ಮಗುವಿಗೆ ಯಾಕೆ ತಟ್ಟೆ? ಬಾಡೂಟ, ಹೆಂಡ, ಹೊಸ ಬಟ್ಟೆ, ದೀಪ, ಕರಿದ ತಿಂಡಿ, ಇಲ್ಲದವರಿಗೊಂದು ಎಲೆ. ಆ ಕ್ಲರ್ಕಿಗೆ ಏನು ಗೊತ್ತು ಮಣ್ಣು. ಇದು ಇವರ ಹಿರಿಯರ ಹಬ್ಬ. ಪಾಪ, ಇವರಿಗೆ ಹಿರಿಯರಿಲ್ಲ, ಕಿರಿಯದೇ ಹೋಗಿದೆ. ಹಾಗಂದುಕೊಂಡ ಮೇಲೆ ಅವಳಿಗೆ ಆ ಪಾರ್ಟಿಯ ಮೇಲೆ ಎಲ್ಲಿಲ್ಲದ ಭಕ್ತಿ ಹುಟ್ಟಿತು. ಇದನ್ನು ಕ್ರಮವಾಗಿ ಮಾಡಬೇಕು, ಒಂದಿಷ್ಟೂ ಲೋಪ ಆಗಬಾರದು ಎಂದು ನಿಶ್ಚಯಿಸಿದಳು.

ಕ್ರಿಸ್‌ಮಸ್ಸಿನ ಬೆಳಿಗ್ಗೆ ಹೊಳೆಯ ಮೇಲೆ ಮಂಜು ಕವಿದಿತ್ತು. ಆ ಕಾಲದಲ್ಲಿ ಮಂಜು ಬೀಳುವುದು, ಬಿಸಿಲೇರಿದರೆ ಕರಗುವುದು ಇದ್ದದ್ದೇ. ಅವತ್ತು ಕರಗಲಿಲ್ಲ. ಅಂಗಳದಲ್ಲಿ ಚುರುಗುಟ್ಟುವ ಬಿಸಿಲು, ಬಂಗಲೆಯ ಹಿಂದೆ ಮಾತ್ರ ಬೆಳ್ಳಗೆ ಗೋಡೆ ಎದ್ದಂತೆ ಮಂಜು. ಮೆಟ್ಟಿಲಿನ ಆಚೆಗೆ ನೀರು ಕಾಣುತ್ತಿರಲಿಲ್ಲ, ಸಪ್ಪಳ ಕೇಳುತ್ತಿತ್ತು ಅಷ್ಟೆ. ದಿನಾ ಕ್ಯಾಂಟೀನಿನ ಸೂರಿನ ಮೇಲೆ ಕೂತು ತಲೆ ತಿನ್ನುತ್ತಿದ್ದ ಕಾಗೆಗಳು ಅಷ್ಟು ಬಾಡು ಬೇಯುತ್ತಿದ್ದರೂ ಸೊಲ್ಲೆತ್ತಲಿಲ್ಲ. ಹೊಳೆ ಕಡೆಯ ಕಿಟಕಿಯ ಮೇಲೆ ಸಾಲಾಗಿ ಕೂತು ಒಳಗೆ ನೋಡುತ್ತಿದ್ದವು.

ಅಂಗಳದಲ್ಲಿ ಆಟ ಜೋರಾಗಿತ್ತು. ಹಗ್ಗ ಜಗ್ಗಾಟದಲ್ಲಿ ವೆಲ್ಡರುಗಳೆಲ್ಲ ಮಣ್ಣಿಗೆ ಬಿದ್ದರು. ಸಿದ್ದರಾಜು ಬಾಯಲ್ಲಿ ಚಮಚ ಕಚ್ಚಿಕೊಂಡು ಓಡಿ, ನಿಂಬೆಹಣ್ಣು ಸಾಹೇಬರ ಪಾದದ ಮೇಲೆ ಬೀಳಿಸಿದ. ಸೆಲಿನಮ್ಮನೂ ಕುರ್ಚಿ ಹಾಕಿಕೊಂಡು ನೋಡುತ್ತಿದ್ದಳು.

ಇತ್ತ ಹಜಾರದಲ್ಲಿ ಬೋರಮ್ಮ ಒಬ್ಬಳೇ ಉದ್ದನೆಯ ಮೇಜಿಗೆ ಬಡಿಸಿದಳು. ಸೆಲಿನಮ್ಮನ ಕುರ್ಚಿಯ ಪಕ್ಕ ಲೀನಾಳ ಹೂವಿನ ಚಿತ್ರದ ತಟ್ಟೆ ಇಟ್ಟಳು. ಎರಡು ನೆವ್ರಿ, ಒಂದು ತುಂಡು ಕೇಕು. ಮಗು ನಿಜವಾಗಿ ಆಸೆಪಡುತ್ತಿದ್ದುದು ಇದಲ್ಲ ಎಂದು ನೆನಪಾಗಿ, ಒಂದು ಮುದ್ದೆ ಕಟ್ಟಿ ಸಾರು ಬಿಟ್ಟಳು. ಕಣ್ಣೀರು ಬಂದು ಕೈ ಅಳತೆ ತಪ್ಪಿ ಮುದ್ದೆ ದೊಡ್ಡದೇ ಆಯಿತು. ಮುಂದೆ ಒಂದು ಮೇಣದ ಬತ್ತಿ ಹಚ್ಚಿದಳು. ಎಲ್ಲ ಮುಗಿದ ಮೇಲೆ ಕೈಮುಗಿದು, ತಮ್ಮ ಮನೆಯಲ್ಲಿ ತಲೆತಲಾಂತರದಿಂದ ಕರೆಯುವಂತೆಯೇ ಕರೆದಳು.

"ಗೊತ್ತಿರೋರು ಗೊತ್ತಿಲ್ದೋರು, ಅಸ್ದೋರು ದಣ್ದೋರು, ಎಲ್ರೂ ಬಂದು ಉಂಡು ಓಗ್ರಪ್ಪ."

ಯಾರನ್ನೂ ಬಿಡದೆ ಕರೆಯುವುದು ಕ್ರಮ, ಅದಕ್ಕೆ ಕರೆದಳು. ಹೊರಗೆ ಬಂದು ಅಂಗಳದ ಬಾಗಿಲು ಮುಂದಕ್ಕೆ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

ಊಟಕ್ಕೆಂದು ಎಲ್ಲರೂ ನುಗ್ಗಿ ಬಂದರು. "ವಸಿ ತಡ್ಕೊಳ್ಳಿ. ಈಗ ಬಾಗ್ಲು ತೆಗಿಯಂಗಿಲ್ಲ," ಎಂದಳು ಬೋರಮ್ಮ.

"ಏನಮ್ಮ ಇದು? ಪಲಾವು ಆರೋಯ್ತದೆ, ತಾತ ಬರೋ ಒತ್ತಾಯ್ತು!" ಎಂದು ಸಿದ್ದರಾಜು ಸಿಡಿದ. "ಒಳಗ್ಯಾರವ್ರೆ ಅಂತ ಬಾಗ್ಲು ಕಾಯ್ತಿದ್ದೀಯ?"

"ಮಗು ಉಣ್ಣಬೇಡ್ವಾ? ಇಷ್ಟು ಜನ ನುಗ್ಗಿದ್ರೆ ಅದು ಎಂಗೆ ಬಂದಾತು?"

ಸಾಹೇಬರ ಮುಖ ಕಪ್ಪಿಟ್ಟಿತು. ಬೈಯಲು ಬಾಯಿ ತೆರೆದರೇನೋ, ಅಷ್ಟರಲ್ಲಿ ಸೆಲಿನಮ್ಮ ಅವರ ತೋಳು ಹಿಡಿದುಕೊಂಡಳು. "ಇರಲಿ. ಕಾಯುವ," ಎಂದಳು. ಅವಳ ಕಣ್ಣು ಬಾಗಿಲ ಮೇಲೆ ನೆಟ್ಟಿತ್ತು.

ಹಾಗೆ ಕಂಪನಿಗೆ ಕಂಪನಿಯೇ ಹಸಿದುಕೊಂಡು ಬಿಸಿಲಲ್ಲಿ ನಿಂತಿತು. ಒಳಗಿನಿಂದ ಏನೂ ಕೇಳುತ್ತಿರಲಿಲ್ಲ. ಆಮೇಲೆ ಒಂದು ಸಲ ಹೊಳೆ ಕಡೆಯ ಚಿಲಕ ಕಳಚಿದ ಸದ್ದು ಟಕ್ಕನೆ ಕೇಳಿತು. ಜವರಯ್ಯ ಬಂದ ಅಂತ ಕಾಣುತ್ತೆ ಎಂದು ಸಿದ್ದರಾಜು ಪಿಸುಗುಟ್ಟಿದ. ಕುರ್ಚಿ ನೆಲಕ್ಕೆ ಉಜ್ಜಿದಂತಾಯಿತು. ಮತ್ತೆ ತುಂಬಾ ಹೊತ್ತು ಏನೂ ಇಲ್ಲ. ಬೋರಮ್ಮನ ಬೆನ್ನಿಗೆ ತಾಗಿದ್ದ ಬಾಗಿಲ ಹಲಗೆ ತಣ್ಣಗಾಗುತ್ತಾ ಬಂತು. ಎದುರು ಬಿಸಿಲಿಗೆ ಮುಖ ಬೆವರುತ್ತಿತ್ತು, ಬೆನ್ನು ಮಾತ್ರ ನಡುಗುತ್ತಿತ್ತು. ಈ ತಾಯಿಯ ಮಗು ಬಂದಿರಲಿ ದೇವರೇ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಹೆದರಿಕೆಯೂ ಆಗುತ್ತಿತ್ತು.

ಅಷ್ಟರಲ್ಲಿ ಬಂಗಲೆಯ ಮೂಲೆ ಸುತ್ತಿಕೊಂಡು ಕೆಂಪು ಅಂಗಿ, ಹತ್ತಿ ಗಡ್ಡದ ಕ್ರಿಸ್‌ಮಸ್ ತಾತ ಹೆಗಲ ಮೇಲೆ ಚೀಲ ಹೊತ್ತು ಅಂಗಳಕ್ಕೇ ಬಂದ. ಜವರಯ್ಯ.

"ಎಲ್ಲಿಂದ ಬತ್ತಿದ್ದೀಯಲಾ? ಇಂದ್ಗಡೆ ಬಾಗ್ಲಿಂದ ಒಳಕ್ಕೆ ಬಾ ಅಂದಿರ್ಲಿಲ್ವಾ?" ಎಂದು ಸಿದ್ದರಾಜು ಗದರಿದ.

"ಎಂಗ್ ಬರ್ಲಿ ಕಣಣ್ಣ? ಅರಿಗೋಲು ಇಳ್ದು ಮೆಟ್ಲು ಅತ್ತಿ ಬಂದೆ. ಬಾಗ್ಲು ಬುಟ್ಟಿತ್ತು. ನೋಡುದ್ರೆ ಸಾಹೇಬ್ರು ಆಗ್ಲೇ ಊಟಕ್ಕೆ ಕುಂತವ್ರೆ. ನನ್ ಕಡೆಗೆ ಬೆನ್ನು. ಸ್ನಾನ ಮಾಡ್ಕಂಡು ಬಂದಿದ್ರೋ ಏನೋ, ಎಗಲ ಮೇಲೆ ಒದ್ದೆ ಟವಲ್ಲು. ದೊಡ್ಡೋರು ಉಣ್ಣುವಾಗ ಮುಂದೆ ಓಗಿ ಕುಣೀತಾರಾ ಅಂತ ಅಂಗೇ ಸುತ್ಕಂಡು ಬಂದೆ."

ಎಲ್ಲರೂ ನಿಧಾನಕ್ಕೆ ತಿರುಗಿ ಸಾಹೇಬರನ್ನು ನೋಡಿದರು. ಸಾಹೇಬರು ಕೋಟು ಟೈ ಹಾಕಿಕೊಂಡು ಅವರ ನಡುವೆಯೇ ನಿಂತಿದ್ದರು. ಜವರಯ್ಯನೂ ನೋಡಿದ. ಅವನ ಹೆಗಲಿಂದ ಚೀಲ ಜಾರಿ ಕೆಳಗೆ ಬಿತ್ತು.

ಬೋರಮ್ಮ ತಿರುಗಿ, ಕ್ರಮ ಬಿಡದೆ, ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. ತಟ್ಟಿ, ಒಂದು ಗಳಿಗೆ ನಿಂತು, ತಳ್ಳಿದಳು.

ಹಜಾರದಲ್ಲಿ ಯಾರೂ ಇರಲಿಲ್ಲ. ಹೊಳೆ ಕಡೆಯ ಬಾಗಿಲು ಹಾರುಹೊಡೆದಿತ್ತು. ಮಂಜು ಒಳಗೆ ಮೊಣಕಾಲುದ್ದ ಹರಡಿ ಮೇಜಿನ ಕಾಲು ಕಾಣದಂತಾಗಿತ್ತು. ಅಷ್ಟು ತಟ್ಟೆಯಲ್ಲಿ ಒಂದಗುಳೂ ಅಲುಗಿರಲಿಲ್ಲ. ಲೀನಾಳ ತಟ್ಟೆಯ ಮುಂದಿನ ಕುರ್ಚಿ ಹಿಂದಕ್ಕೆ ಸರಿದಿತ್ತು, ಮೇಣದ ಬತ್ತಿ ಇನ್ನೂ ಉರಿಯುತ್ತಿತ್ತು. ನೆವ್ರಿ, ಕೇಕು ಇಟ್ಟ ಹಾಗೇ ಇದ್ದವು. ಮುದ್ದೆ ಮಾತ್ರ ಇರಲಿಲ್ಲ.

ಸೆಲಿನಮ್ಮ ಎಲ್ಲರನ್ನೂ ದಾಟಿ ಓಡಿ ಬಂದು ಆ ತಟ್ಟೆಯ ಮೇಲೆ ಬಗ್ಗಿದಳು. "ಬೆಕ್ಕು ಬಂದಿರ್ಬೇಕು ಬುಡಿ," ಎಂದು ಸಿದ್ದರಾಜು ಬಾಗಿಲಲ್ಲೇ ನಿಂತು ಹೇಳಿದ. ಅವನ ದನಿ ಅವನಿಗೇ ಕೇಳಿಸಿರಲಾರದು. ಬೋರಮ್ಮ ಪಕ್ಕಕ್ಕೆ ಬಂದು ನೋಡಿದಳು.

ತಟ್ಟೆಯ ಅಂಚಿನಲ್ಲಿ ಒಂದು ತುತ್ತು ಇತ್ತು. ಅದರ ನೆತ್ತಿಗೆ ಹೆಬ್ಬೆರಳು ಒತ್ತಿದ ಗುಳಿ. ಗುಳಿಯ ನಡುವೆ ಉದ್ದಕ್ಕೆ ಒಂದು ಗೀರು. ಅದರೊಳಗೆ ಒಂದಿಷ್ಟು ಸಾರು.

ಇಷ್ಟು ವರ್ಷ ಅವಳು ಕಟ್ಟಿಕೊಂಡು ಕೂತಿದ್ದ ರೈಲು, ಟೇಸನ್ನು, ಇವತ್ತಲ್ಲ ನಾಳೆ ಎಂಬುದು, ಎಲ್ಲ ಆ ಗುಳಿಯೊಳಗೆ ಮುಳುಗಿ ಹೋಯಿತು. ಕರೆದದ್ದು ಸತ್ತವರನ್ನು. ಬಂದವನು ಇವನು. ಕೂಗಿ ಅಳಬೇಕೆಂದು ಬಾಯಿ ತೆರೆದಳು.

"ಬೋರಮ್ಮ," ಎಂದು ಸೆಲಿನಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. ಮುಖದ ತುಂಬ ನೀರು, ಆದರೆ ಆ ಮಳೆಗಾಲದಿಂದ ಕಾಣದ ಬೆಳಕೊಂದು ಅಲ್ಲಿತ್ತು. "ಬಂದಿದ್ದಳಾ? ಹೇಳು. ನನ್ನ ಮಗು ಬಂದಿತ್ತಾ?"

ಬೋರಮ್ಮ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಎಷ್ಟು ಸಂಕಟದಿಂದ ನುಂಗಿದಳೋ ಅವಳಿಗೇ ಗೊತ್ತು.

"ಊಂ ಕಣವ್ವ. ಬಂದಿತ್ತು ಮಗು. ಒಟ್ಟೆ ತುಂಬ ಉಂಡ್ಕಂಡು ಓಯ್ತು. ಇನ್ನು ನೀವು ಅಳಬಾರ್ದು."

ಸೆಲಿನಮ್ಮ ಆ ತುತ್ತನ್ನು ಎತ್ತಿಕೊಂಡು ಎದೆಗೆ ಒತ್ತಿಕೊಂಡಳು. ಆಮೇಲೆ ಅದನ್ನು ಎರಡು ಮಾಡಿ, ಒಂದನ್ನು ಬೋರಮ್ಮನ ಬಾಯಿಗೆ ಇಟ್ಟಳು. "ನಿನ್ನ ಕೈಯ ಮುದ್ದೆ ಅಂದರೆ ಅವಳಿಗೆ ಜೀವ. ನೀನು ಸಹ ತಿನ್ನು," ಎಂದಳು. ಬೋರಮ್ಮ ಕಣ್ಣು ಮುಚ್ಚಿಕೊಂಡು ಅಗಿದಳು. ಹಲ್ಲಿಗೆ ಸಣ್ಣಗೆ ಹೊಳೆಯ ಮರಳು ಸಿಕ್ಕಿತು.

ಪಾರ್ಟಿ ನಿಲ್ಲಲಿಲ್ಲ. ಹೊಳೆ ಕಡೆಯ ಬಾಗಿಲು ಹಾಕಿದರು. ಸೆಲಿನಮ್ಮ ತಾನೇ ಕೇಕು ಕತ್ತರಿಸಿ ಎಲ್ಲರಿಗೂ ಕೊಟ್ಟಳು, ನಗುತ್ತಲೇ ಕೊಟ್ಟಳು. ಸಾಹೇಬರು ಅವಳ ಮುಖವನ್ನೇ ನೋಡುತ್ತಿದ್ದರು, ಯಾವುದನ್ನೂ ವಿಚಾರಿಸಲು ಹೋಗಲಿಲ್ಲ. ಗಡ್ಡ ಕಿತ್ತೆಸೆದ ಜವರಯ್ಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತವನು ಎದ್ದೇಳಲಿಲ್ಲ. ಅವತ್ತು ಯಾರೂ ತಟ್ಟೆಯಲ್ಲಿ ತುತ್ತು ಬಿಡಲಿಲ್ಲ. ಬೋರಮ್ಮ ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದಿಟ್ಟು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದಳು.

ಕಾಲು ತೊಳೆದವಳೇ ಒಲೆ ಹೊತ್ತಿಸಿ ಎಸರಿಟ್ಟಳು. ತಿಮ್ಮಮ್ಮ ಹಾಸಿಗೆಯಲ್ಲೇ ಕಿವಿಗೊಟ್ಟು, "ಯಾರ್ಗವ್ವ ಈ ಒತ್ನಾಗೆ ಮುದ್ದೆ? ಪಾಲ್ಟಿನಾಗೆ ಉಂಡು ಬರ್ಲಿಲ್ವಾ?" ಎಂದಳು.

"ನಿಮ್ ಮಗನ್ಗೆ ಎಡೆ ಇಕ್ಕಣ ಅತ್ತೆ."

ಮುದುಕಿ ಧಡಕ್ಕನೆ ಎದ್ದು ಕೂತಳು. "ಪಕ್ಷ ಕಳ್ದು ಎಷ್ಟು ದಿಸ ಆಯ್ತಲ್ಲವ್ವ," ಎಂದಳು.

"ಅಸ್ದೋರ್ಗೆ ಪಕ್ಷ ಯಾವ್ದು? ಇವತ್ತು ಸಾಹೇಬ್ರ ಮನೇಲಿ ಉಂಡವ್ರೆ. ಸತ್ತ ಮಗೀನ ತಟ್ಟೇಲಿ ಕುಂತು ಉಂಡವ್ರೆ ಅತ್ತೆ. ನಮ್ ಮನೇಲಿ ಒಂದು ತುತ್ತು ಇಲ್ದೆ, ಕಂಡೋರ ಮನೇಲಿ ಎಷ್ಟು ದಿಸ ಅಂತ ಉಂಡಾರು? ನಾನೇ ಅಸ್ಕಂಡಿರಂಗೆ ಮಾಡ್ಬುಟ್ಟೆ," ಎಂದು ಒಲೆಯ ಮುಂದೆ ಕೂತು ಬೋರಮ್ಮ ಗಟ್ಟಿಯಾಗಿ ಅತ್ತಳು. ಮುದುಕಿ ತಡವಿಕೊಂಡು ಬಂದು ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಇಬ್ಬರೂ ಒಂದೇ ಕಡೆ ಕೂತು ಅತ್ತದ್ದು ಅದೇ ಮೊದಲು.

ಆಮೇಲೆ ನಡುಮನೆಯಲ್ಲಿ ಎಲೆ ಹಾಸಿದಳು. ಎರಡು ಮುದ್ದೆ, ಬಿಸಿ ಸಾರು, ಪೆಟ್ಟಿಗೆಯಲ್ಲಿ ಇಷ್ಟು ವರ್ಷ ಮಡಿಸಿಟ್ಟಿದ್ದ ಅವನ ಪಂಚೆ. ಕೈಯ ಬಳೆಗಳನ್ನು ಒಂದೊಂದಾಗಿ ತೆಗೆದು ದೀಪದ ಪಕ್ಕ ಇಟ್ಟಳು. ನೀನೇ ಕರೆ ಎಂದು ಅತ್ತೆ ಕೈಸನ್ನೆ ಮಾಡಿದಳು. ಗಂಡನ ಹೆಸರು ಹಿಡಿದು ಒಂದು ದಿನವೂ ಕೂಗದಿದ್ದ ಬೋರಮ್ಮ, "ಮುದ್ದಯ್ಯಾ, ಬಂದು ಉಣ್ಣಪ್ಪ," ಎಂದು ಕರೆದಳು. ಬಾಗಿಲು ಮುಂದಕ್ಕೆ ಹಾಕಿ, ಅತ್ತೆಯನ್ನು ಹಿಡಿದುಕೊಂಡು ಹೊರಗೆ ಬಂದು ಜಗಲಿಯಲ್ಲಿ ಕೂತಳು. ಹೊಳೆಯ ಕಡೆಯಿಂದ ತಣ್ಣನೆಯ ಗಾಳಿಯೊಂದು ಬಂದು ಮನೆ ಬಾಗಿಲವರೆಗೂ ಹೋಗಿ ನಿಂತಿತು. ದನದ ಕೊಟ್ಟಿಗೆಯಲ್ಲಿ ಎತ್ತು ತಲೆಯೆತ್ತಿ ಆ ಕಡೆಗೇ ನೋಡಿತು.

ಸುಮಾರು ಹೊತ್ತು ಕಳೆಯಿತು. ಬೇರೆ ವರ್ಷ ಹಿರಿಯರಿಗೆ ಕಾಯುತ್ತಿದ್ದುದರ ಎರಡರಷ್ಟು ಹೊತ್ತಾಯಿತು. ತಿಮ್ಮಮ್ಮ ಚಳಿಗೆ ನಡುಗುತ್ತಾ, "ಇನ್ನು ಬಾಗ್ಲು ತಟ್ಟಣೇನವ್ವ?" ಎಂದು ಕೇಳಿದಳು.

ಬೋರಮ್ಮ ತನ್ನ ಸೆರಗನ್ನು ಅತ್ತೆಯ ಹೆಗಲಿಗೆ ಹೊದಿಸಿ, ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೂ ವಸಿ ತಡೀರಿ ಅತ್ತೆ. ಅವ್ರು ನಿಧಾನಕ್ಕೆ ಉಣ್ಣೋದು."